ಹದಿನೆಂಟು ವರ್ಷ ತಪ್ಪದ ನಾಲಿಗೆ

ಆ ದಿನ ಬೆಳಗ್ಗೆ ಕುರೊಸೆಯ ಮೂಗಿಗೆ ನಾತ್ತೊ ನಾರಲಿಲ್ಲ.

ಇದು ಸಣ್ಣ ವಿಷಯವಲ್ಲ. ನಾತ್ತೊ ಎಂದರೆ ಬೇಯಿಸಿ, ಮುಚ್ಚಿಟ್ಟು, ನೂಲು ನೂಲಾಗಿ ಲೋಳೆ ಏಳುವ ತನಕ ಕೊಳೆಸಿದ ಸೋಯಾ ಕಾಳು. ಹೆಸರಿನಲ್ಲೇ ಮುಕ್ಕಾಲು ಪಾಲು ನಾತವನ್ನು ಇಟ್ಟುಕೊಂಡಿರುವ ಪದಾರ್ಥ. ಅದರ ಡಬ್ಬಿ ತೆರೆದರೆ ಮಹಡಿಯಲ್ಲಿ ಮಲಗಿದವರಿಗೂ ಎಚ್ಚರವಾಗುತ್ತದೆ. ಹಿನಾಜಾವಾ ಊರಿನ ಎಷ್ಟೋ ಮನೆಗಳಲ್ಲಿ ಅಲಾರಂ ಗಡಿಯಾರ ಇಲ್ಲದಿರುವುದು ಇದೇ ಕಾರಣಕ್ಕೆ.

ಕುರೊಸೆ ಅದನ್ನು ಐವತ್ತು ಸಲ ಕಲಸಿದ. ಬಟ್ಟಲನ್ನು ಮೂಗಿನ ಹತ್ತಿರ ತಂದ. ಇನ್ನೂ ಹತ್ತಿರ ತಂದ. ಮೂಗಿನ ತುದಿಗೆ ಎರಡು ಕಾಳು ಅಂಟಿಕೊಂಡವು. ವಾಸನೆ ಮಾತ್ರ ಬರಲಿಲ್ಲ.

"ಚಿಜುರು, ಇದೇನು ಹೊಸ ಅಂಗಡೀದಾ? ಸತ್ವಾನೇ ಇಲ್ಲ."

ಹೆಂಡತಿ ಪಕ್ಕದ ಕೋಣೆಯಿಂದಲೇ ಕೂಗಿದಳು. "ಸತ್ವ ಇಲ್ವಾ? ರೀ, ಮೊದ್ಲು ಆ ಕಿಟಕಿ ತೆಗೀರಿ. ಇಲ್ಲಿ ನನ್ನ ಕಣ್ಣು ಉರೀತಿದೆ."

ಕುರೊಸೆ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ. ಮಾರ್ಚ್ ತಿಂಗಳು. ಊರ ಹಿಂದಿನ ಗುಡ್ಡದಲ್ಲಿ ದೇವದಾರು ಮರಗಳು ಹಳದಿ ಹೊಗೆಯಂತೆ ಪರಾಗ ಉಗುಳುತ್ತಿದ್ದವು. ಪ್ರತಿ ವರ್ಷ ಈ ದಿನಗಳಲ್ಲಿ ಅವನ ಮೂಗು ಸುರಿಯುತ್ತಿತ್ತು, ಸೀನುತ್ತಿತ್ತು, ಆದರೂ ಹೇಗೋ ಕೆಲಸ ಮಾಡುತ್ತಿತ್ತು. ಈ ಸಲ ಯಾವ ಸೂಚನೆಯನ್ನೂ ಕೊಡದೆ ಬಾಗಿಲು ಹಾಕಿಕೊಂಡು ಹೋಗಿಬಿಟ್ಟಿತ್ತು.

ಬೇರೆ ದಿನವಾಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಿನಾಜಾವಾ ಬಿಯರ್ ಕಂಪನಿಯಲ್ಲಿ ಅವನದು ಸರಕು ರವಾನೆ ವಿಭಾಗ. ಕ್ರೇಟುಗಳನ್ನು ಎಣಿಸಿ ಲಾರಿಗೆ ಹೇರಿಸುವುದಕ್ಕೆ ಎರಡು ಕಣ್ಣು, ಒಂದು ಪೆನ್ಸಿಲ್ ಸಾಕು. ಮೂಗಿನ ಅಗತ್ಯವೇ ಇಲ್ಲ. ಆದರೆ ಅಂದು ಮಧ್ಯಾಹ್ನ ಒಂದು ಗಂಟೆಗೆ ಬಿಯರಿನ ರುಚಿ ಪರೀಕ್ಷೆಯಿತ್ತು.

ಅದರ ಕತೆ ಹೀಗೆ. ಹದಿನೆಂಟು ವರ್ಷದ ಹಿಂದೆ ರುಚಿ ನೋಡಬೇಕಾಗಿದ್ದವರೊಬ್ಬರಿಗೆ ಹಲ್ಲುನೋವು ಬಂದು, ಯಜಮಾನ ಒನೊದೆರಾ ಅವರು ಕ್ರೇಟು ಹೊತ್ತುಕೊಂಡು ಹೋಗುತ್ತಿದ್ದ ಕುರೊಸೆಯನ್ನು ಕರೆದು ಖಾಲಿ ಕುರ್ಚಿಯಲ್ಲಿ ಕೂರಿಸಿದ್ದರು. ಅವನು ಕುಡಿದು ತನಗೆ ತೋಚಿದ್ದನ್ನು ಹೇಳಿದ. ಮರುವರ್ಷವೂ ಕರೆ ಬಂತು. ಅಂದಿನಿಂದ ಪ್ರತಿ ಮಾರ್ಚಿನಲ್ಲಿ, ಬೇಸಿಗೆಗೆ ಯಾವ ಹೊಸ ಬಿಯರು ಮಾಡಬೇಕೆಂದು ತೀರ್ಮಾನಿಸುವ ಮೇಜಿನ ತುದಿಯಲ್ಲಿ ಅವನಿಗೊಂದು ಜಾಗ ಖಾಯಂ. ಬೇರೆಯವರು ಮಾತಾಡುವಾಗ ಕಿಟಕಿಯಾಚೆ ನೋಡುವ ಯಜಮಾನರು, ಕುರೊಸೆ ಬಾಯಿ ತೆರೆದ ತಕ್ಷಣ ಕಪ್ಪು ರಟ್ಟಿನ ಪುಸ್ತಕ ತೆಗೆದು ಒಂದೊಂದು ಪದವನ್ನೂ ಬರೆದುಕೊಳ್ಳುತ್ತಿದ್ದರು.

ಕುರೊಸೆಗೆ ಐವತ್ತೆರಡು ವರ್ಷ. ತಲೆಯ ಮೇಲೆ ಕೂದಲು ಕಡಿಮೆ, ಹೆಸರಿನ ಮುಂದೆ ಹುದ್ದೆ ಇಲ್ಲ. ಅವನಲ್ಲಿ ಹೇಳಿಕೊಳ್ಳುವಂಥದ್ದು ಇದ್ದದ್ದು ಆ ನಾಲಿಗೆಯೊಂದೇ. ನೆಂಟರ ಮನೆಗೆ ಹೋದರೆ ಮೊದಲ ಲೋಟ ಅವನಿಗೆ ಬಗ್ಗಿಸಿ, ಅವನು "ಹೂಂ" ಅನ್ನುವ ತನಕ ಉಳಿದವರು ತುಟಿ ಒದ್ದೆ ಮಾಡುತ್ತಿರಲಿಲ್ಲ.

ಈ ಸಲ ಮರ್ಯಾದೆಯ ಪ್ರಶ್ನೆ ಮಾತ್ರವೂ ಅಲ್ಲ. ದೊಡ್ಡ ಕಂಪನಿಯೊಂದು ಹಿನಾಜಾವಾವನ್ನು ನುಂಗಲು ಬಾಯಿ ತೆರೆದು ಕೂತಿತ್ತು. "ಈ ಬೇಸಿಗೆ ಬಿಯರು ಓಡದೆ ಹೋದ್ರೆ ನಾನು ಮಾರಿಬಿಡ್ತೀನಿ," ಎಂದು ಯಜಮಾನರು ಹೊಸವರ್ಷದ ಭಾಷಣದಲ್ಲೇ ಹೇಳಿದ್ದರು. "ಅವರ ಹತ್ರ ಅವರದೇ ಲಾರಿ, ಅವರದೇ ಜನ ಇದ್ದಾರೆ." ಇಷ್ಟು ಹೇಳಿ ಅವರು ರವಾನೆ ವಿಭಾಗದವರ ಕಡೆ ನೋಡಿದ್ದರು. ರವಾನೆ ವಿಭಾಗದವರು ತಮ್ಮ ಚಪ್ಪಲಿ ನೋಡಿಕೊಂಡಿದ್ದರು.

ಕುರೊಸೆ ಬಚ್ಚಲಲ್ಲಿ ಮೂಗಿಗೆ ಉಪ್ಪುನೀರು ಎಳೆಯುತ್ತಿದ್ದಾಗ ಪಕ್ಕದ ಮನೆಯ ಮೊಗಾಮಿ ಅಜ್ಜಿ ಮನೆಯಿಂದ ಮನೆಗೆ ದಾಟಿಸುವ ಬೀದಿಯ ಸುತ್ತೋಲೆ ಹಲಗೆ ಹಿಡಿದುಕೊಂಡು ಬಂದಳು. ಒಂದು ನಿಮಿಷದಲ್ಲಿ ಕೊಟ್ಟು ಹೋಗಬಹುದಾದ ಹಲಗೆಯನ್ನು ಅರ್ಧ ಗಂಟೆ ಕೊಡುವುದು ಅಜ್ಜಿಯ ಅಭ್ಯಾಸ.

"ಏನಮ್ಮಾ, ಒಳಗೆ ಎಮ್ಮೆ ಕಟ್ಟಿದ್ದೀರಾ? ಏನೋ ಶಬ್ದ!"

"ಅಜ್ಜೀ, ಇವರ ಮೂಗು ಕಟ್ಟಿದೆ. ಇವತ್ತೇ ರುಚಿ ಪರೀಕ್ಷೆ," ಎಂದಳು ಚಿಜುರು.

ಅಜ್ಜಿಯ ಮುಖ ಅರಳಿತು. ಊರಲ್ಲಿ ಎಲ್ಲರೂ ಮಾತ್ರೆ ನುಂಗಲು ಶುರುಮಾಡಿದ ಮೇಲೆ ಅವಳ ಕೈಗೆ ಒಬ್ಬ ರೋಗಿಯೂ ಸಿಕ್ಕಿರಲಿಲ್ಲ. "ಉದ್ದ ಈರುಳ್ಳಿ ಇದೆಯಾ? ಮೂರು ಬಿಳೀ ದಂಟು ಬೇಕು. ಕೆಂಡದ ಮೇಲೆ ಸುಟ್ಟು ಬಟ್ಟೇಲಿ ಸುತ್ತಿ ಕತ್ತಿಗೆ ಕಟ್ಟು. ನಮ್ಮ ಮಾವನೋರಿಗೆ ಹೀಗೇ ಕಟ್ಟಿದ್ವಿ. ಮೂಗು ಮೂರೇ ದಿನಕ್ಕೆ ಬಿಟ್ಟೋಯ್ತು."

"ಅಜ್ಜೀ, ನನಗೆ ಮಧ್ಯಾಹ್ನಕ್ಕೆ ಬೇಕು," ಎಂದ ಕುರೊಸೆ.

"ಹಾಗಾದ್ರೆ ಎರಡು ದಂಟು ಜಾಸ್ತಿ ಕಟ್ಟಮ್ಮಾ."

ಐದು ದಂಟು ಸುಟ್ಟ ಈರುಳ್ಳಿಯನ್ನು ಕತ್ತಿಗೆ ಸುತ್ತಿ, ಮೇಲೆ ಉಣ್ಣೆಯ ಮಫ್ಲರ್ ಹಾಕಿಕೊಂಡು, ಅದರ ಮೇಲೆ ಮಾಸ್ಕು ಏರಿಸಿಕೊಂಡು ಕುರೊಸೆ ಬಸ್ಸು ಹತ್ತಿದ. ಅವನಿಗೇನೂ ಗೊತ್ತಾಗಲಿಲ್ಲ. ಆದರೆ ಎರಡನೇ ನಿಲ್ದಾಣದ ಹೊತ್ತಿಗೆ ಅವನ ಪಕ್ಕ, ಹಿಂದೆ, ಮುಂದೆ ಇದ್ದ ಸೀಟುಗಳು ಖಾಲಿಯಾಗಿದ್ದವು. ಚಾಲಕ ಮೈಕಿನಲ್ಲಿ ಬಹಳ ಮರ್ಯಾದೆಯಿಂದ, "ಪ್ರಯಾಣಿಕರಲ್ಲಿ ಒಂದು ವಿನಂತಿ, ಬಸ್ಸಿನೊಳಗೆ ಊಟ ಮಾಡುವುದು ಬೇಡ," ಎಂದ. ಊಟ ಮಾಡುತ್ತಿರುವ ಅವಿವೇಕಿ ಯಾರೆಂದು ಕುರೊಸೆಯೂ ಎಲ್ಲರ ಜೊತೆ ತಿರುಗಿ ನೋಡಿದ.

ಕಂಪನಿಯ ಬಾಗಿಲಲ್ಲೇ ಲೆಕ್ಕ ವಿಭಾಗದ ಹೊನ್ಮಾ ಸಿಕ್ಕಳು. ಕಚೇರಿಯಲ್ಲಿ ಯಾರ ಮನೆಯಲ್ಲಿ ಯಾವ ಸಾರು ಎನ್ನುವುದನ್ನೂ ತಿಳಿದಿರುವ ಹೆಂಗಸು.

"ಕುರೊಸೆ ಸಾನ್, ಬಾಣಲೆ ಎಲ್ಲಿ ಬಿಟ್ಟು ಬಂದ್ರಿ? ಒಗ್ಗರಣೆ ಮಾತ್ರ ಬಂದಿದೆ!"

ಅವಳು ಅವನನ್ನು ಮೆಟ್ಟಿಲುಗಳ ಹಿಂದೆ ಎಳೆದುಕೊಂಡು ಹೋಗಿ, ಮಫ್ಲರ್ ಬಿಚ್ಚಿ, ಈರುಳ್ಳಿ ಹೊರತೆಗೆದಳು. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಕುರೊಸೆ ಎಲ್ಲವನ್ನೂ ಹೇಳಿಬಿಟ್ಟ.

"ಅಯ್ಯೋ ದೇವ್ರೇ. ಯಜಮಾನರಿಗೆ ಗೊತ್ತಾದ್ರೆ?"

"ಅದಕ್ಕೇ ಹೇಳ್ತಿರೋದು. ಯಾರಿಗೂ ಹೇಳ್ಬೇಡಿ."

"ಛೆ, ನಾನ್ಯಾಕೆ ಹೇಳ್ಲಿ? ಇಂಥ ಗುಟ್ಟು ಒಬ್ಬಳೇ ಇಟ್ಕೊಂಡ್ರೇ ಚೆಂದ." ಹೊನ್ಮಾ ಕಣ್ಣು ಕಿರಿದು ಮಾಡಿ ಯೋಚಿಸಿದಳು. "ಒಂದು ಕೆಲಸ ಮಾಡೋಣ. ಲೋಟಕ್ಕೆ ಬಗ್ಗಿಸೋಳು ನಾನೇ ಅಲ್ವಾ? ಬಗ್ಗಿಸ್ವಾಗ ವಾಸನೆ ಹೇಗಿದೆ ಅಂತ ನಿಮ್ಮ ಕಿವೀಲಿ ಹೇಳ್ತೀನಿ. ಅದನ್ನೇ ನೀವು ಚೆನ್ನಾಗಿ ಮಾಡಿ ಹೇಳಿ."

ಈರುಳ್ಳಿಯನ್ನು ಅವಳು ಸಂಜೆಯ ಸಾರಿಗೆಂದು ತನ್ನ ಚೀಲಕ್ಕೆ ಹಾಕಿಕೊಂಡಳು.

ಒಂದು ಗಂಟೆ. ಮೇಜಿನ ಮೇಲೆ ಸಾಲಾಗಿ ಲೋಟಗಳು, ಬಾಯಿ ತೊಳೆಯಲು ನೀರು, ಉಪ್ಪಿಲ್ಲದ ಬ್ರೆಡ್ಡಿನ ಚೂರು, ಪ್ರತಿಯೊಬ್ಬರ ಪಕ್ಕದಲ್ಲೂ ಉಗುಳುವುದಕ್ಕೊಂದು ಸಣ್ಣ ಬಕೆಟ್ಟು. ಒಂದು ತುದಿಯಲ್ಲಿ ಯಜಮಾನರು. ನಡುವೆ ಮಾರಾಟ ವಿಭಾಗದ ಇಬ್ಬರು. ಕೊನೆಗೆ ಮಾತಾಡಿದವರು ಯಾರೋ ಅವರ ಅಭಿಪ್ರಾಯವೇ ಇವರ ಅಭಿಪ್ರಾಯ. ಕುರೊಸೆಯ ಎದುರಿಗೆ ಬಿಯರು ತಯಾರಿಸುವ ಇಗರಾಶಿ, ಬಿಳಿ ಕೋಟು ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮೂವತ್ತೇಳು ವರ್ಷದ, ಮಾತು ಕಡಿಮೆಯ ಹೆಂಗಸು. ಮಾತಾಡಬೇಕೆಂದಿದ್ದರೂ ಅಲ್ಲಿ ಆಡುವ ಹಾಗಿರಲಿಲ್ಲ. ಮಾಡಿದವರು ಪರೀಕ್ಷೆಯ ಮೇಜಿನಲ್ಲಿ ತುಟಿ ಬಿಚ್ಚಬಾರದು ಎನ್ನುವುದು ಯಜಮಾನರ ಕಟ್ಟಳೆ.

"ಶುರು ಮಾಡೋಣ. ಕುರೊಸೆ ಸಾನ್, ಮಾಸ್ಕು ತೆಗೀರಿ," ಎಂದರು ಯಜಮಾನರು, ಕಪ್ಪು ಪುಸ್ತಕ ತೆಗೆಯುತ್ತ.

ಮೊದಲನೆಯದು ಗೋಧಿಯ ಬಿಯರು. ಮಂಜು ಕವಿದಂಥ ಬಿಳುಪು, ಮೇಲೆ ಮೂರು ಬೆರಳು ನೊರೆ. ಹೊನ್ಮಾ ಬಗ್ಗಿ ಬಗ್ಗಿಸುತ್ತ ಪಿಸುಗುಟ್ಟಿದಳು. "ಸ್ನಾನದ ನೀರಿನ ವಾಸನೆ."

ಕುರೊಸೆಗೆ ಗಾಬರಿಯಾಯಿತು. ಆಮೇಲೆ ಹೊಳೆಯಿತು: ನಿಂಬೆ ಜಾತಿಯ ಯುಜು ಹಣ್ಣಿನ ಸಿಪ್ಪೆ ಹಾಕಿದ್ದಾರೆ. ಚಳಿಗಾಲದ ನಡುವಿನ ದಿನ ಎಲ್ಲರೂ ಆ ಹಣ್ಣು ತೇಲಿಬಿಟ್ಟ ಬಿಸಿನೀರಲ್ಲೇ ಮೀಯುವುದು. ಅವನು ಒಂದು ಗುಟುಕು ಕುಡಿದ. ಬಾಯಲ್ಲಿ ತಣ್ಣಗೇನೋ ಹರಿದು ಹೋಯಿತು, ಅಷ್ಟೇ.

"ಬೆಚ್ಚಗಿನ ಸ್ನಾನ ಮುಗಿಸಿ ಎದ್ದ ಹಾಗಿದೆ," ಎಂದ.

ಯಜಮಾನರ ಪೆನ್ಸಿಲ್ ನಿಂತಿತು. "ಚೆನ್ನಾಗಿದೆಯೋ, ಇಲ್ವೋ?"

"ಪರವಾಗಿಲ್ಲ."

"ಪರವಾಗಿಲ್ಲ!" ಯಜಮಾನರು ಆ ಪದವನ್ನು ಮೊದಲ ಸಲ ಕೇಳಿದವರ ಹಾಗೆ ನೋಡಿದರು.

ಎರಡನೆಯದು ಬಂತು. ಹೊನ್ಮಾ ಪಿಸುಗುಟ್ಟಿದಳು. "ಕಪ್ಪು."

"ಅದು ನನಗೂ ಕಾಣತ್ತೆ. ವಾಸನೆ?"

"ಅದೂ ಕಪ್ಪೇ."

ಇನ್ನು ಇವಳನ್ನು ನಂಬಿ ಕೆಲಸವಿಲ್ಲ ಎಂದುಕೊಂಡ ಕುರೊಸೆ. "ಪರವಾಗಿಲ್ಲ," ಎಂದ ಎರಡನೆಯದಕ್ಕೂ. ಯಜಮಾನರ ಹಣೆಯ ಮೇಲೆ ಗೆರೆ ಮೂಡಿತು. "ಏನಾಗಿದೆ ಇವತ್ತು? ನಿಮ್ಮ ಬಾಯಿಂದ ಪರವಾಗಿಲ್ಲ ಅನ್ನೋ ಮಾತು ಕೇಳೋಕೆ ನಾನು ಇಲ್ಲಿ ಕೂತಿಲ್ಲ. ಹೌದು ಅನ್ನಿ, ಇಲ್ಲ ಅನ್ನಿ."

ಮೂರನೆಯ ಲೋಟ ಬಂತು. ಕೆಂಪುಮಿಶ್ರಿತ ಕಂದು. ಬಾಯಿಗಿಟ್ಟ, ಏನೂ ಇಲ್ಲ. ದಿಕ್ಕು ತೋಚದೆ ತಲೆ ಎತ್ತಿದವನ ಕಣ್ಣು ಎದುರಿಗಿದ್ದ ಇಗರಾಶಿಯ ಮೇಲೆ ಬಿತ್ತು.

ಇಗರಾಶಿ ಮೂರನೆಯ ಬಿಯರನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಭುಜಗಳು ಮೆಲ್ಲಗೆ ಮೇಲೆದ್ದವು. ಬಿಯರು ಮಾಡುವವರು ಪರೀಕ್ಷೆಯಲ್ಲಿ ಯಾವತ್ತೂ ನುಂಗುವುದಿಲ್ಲ, ಬಕೆಟ್ಟಿಗೆ ಉಗುಳುತ್ತಾರೆ. ಅವಳು ನುಂಗಿದಳು. ಲೋಟದಲ್ಲಿ ಉಳಿದದ್ದನ್ನೂ ಎತ್ತಿ ಕುಡಿದು ಮುಗಿಸಿದಳು. ಕಣ್ಣು ತೆರೆದಾಗ ರೆಪ್ಪೆಯ ತುದಿಯಲ್ಲಿ ನೀರು ನಿಂತಿತ್ತು.

ಇದೇ! ಕುರೊಸೆಯ ಎದೆ ಹಗುರಾಯಿತು. ಅವನು ಎದ್ದೇ ನಿಂತ.

"ಯಜಮಾನ್ರೇ, ಹದಿನೆಂಟು ವರ್ಷದಲ್ಲಿ ಇಂಥದ್ದನ್ನ ನಾನು ಕುಡಿದಿಲ್ಲ. ಇದನ್ನ ಕುಡಿದ ಮೇಲೆ ಮಿಕ್ಕ ಬಿಯರುಗಳನ್ನ ಕಂಡ್ರೆ ಅಯ್ಯೋ ಪಾಪ ಅನ್ಸತ್ತೆ."

"ಅಷ್ಟು ಚೆನ್ನಾಗಿದೆಯಾ?"

"ಇನ್ನೊಂದು ಲೋಟ ಕೇಳೋಕೆ ನಾಚಿಕೆ ಆಗ್ತಿದೆ, ಆದ್ರೂ ಕೇಳ್ತೀನಿ."

ಯಜಮಾನರು ನಗುತ್ತ ಬರೆದುಕೊಂಡರು. ಕೆಳಗೆ ಎರಡು ಗೆರೆ ಎಳೆದರು. ಮಾರಾಟದ ಇಬ್ಬರೂ ತಲೆಯಾಡಿಸಿದರು.

ನಾಲ್ಕನೆಯದು ತಿಳಿಹೊನ್ನಿನ ಬಣ್ಣದ್ದು. ಊರಿನ ಅಕ್ಕಿ ಸೇರಿಸಿ ಮಾಡಿದ ಹಗುರ ಬಿಯರು. ಕುರೊಸೆ ಈಗ ಲೋಟವನ್ನು ನೋಡಲೇ ಇಲ್ಲ, ನೇರವಾಗಿ ಇಗರಾಶಿಯ ಮುಖ ನೋಡಿದ. ಆ ಮುಖ ಕಲ್ಲಾಗಿತ್ತು. ತುಟಿ ಬಿಗಿದಿತ್ತು. ಲೋಟದ ಕಡೆಗೂ ನೋಡದೆ, ಮೇಜಿನ ಕೆಳಗೆ ಕೈ ಹಿಸುಕಿಕೊಳ್ಳುತ್ತ ಕೂತಿದ್ದಳು. ಪಾಪ, ಕೆಟ್ಟುಹೋಗಿದೆ ಅಂತ ಅವಳಿಗೇ ಗೊತ್ತು ಎಂದುಕೊಂಡ ಕುರೊಸೆ.

"ಇದು ಬಾಟಲಿ ತೊಳೆದ ನೀರು," ಎಂದ, ಮತ್ತು ಬಕೆಟ್ಟಿಗೆ ಶಬ್ದ ಬರುವ ಹಾಗೆ ಉಗಿದ.

ಇಗರಾಶಿ ತಲೆ ತಗ್ಗಿಸಿದಳು. ಯಜಮಾನರ ಮುಖ ಹಬ್ಬದ ಲಾಂದ್ರದಂತೆ ಹೊತ್ತಿಕೊಂಡಿತು. ಐದನೆಯದು ಬರೀ ಕಹಿ ಎಂದು ಹೊನ್ಮಾ ಹೇಳಿದಳು. ಅದಕ್ಕೆ ಕುರೊಸೆ ಏನು ಹೇಳಿದನೋ ಯಜಮಾನರು ಬರೆದುಕೊಳ್ಳಲೂ ಇಲ್ಲ. ಸಭೆ ಮುಗಿಯಿತು.

ಹುಲಿಯ ಬಾಯಿಂದ ತಪ್ಪಿಸಿಕೊಂಡವನ ಹಾಗೆ ಕುರೊಸೆ ಗೋದಾಮಿಗೆ ಹೋದ. ಎರಡು ಲಾರಿ ಹೇರಿಸಿದ. ಮೂರು ಗಂಟೆಯ ಹೊತ್ತಿಗೆ ರವಾನೆಯ ಚೀಟಿಗೆ ಯಜಮಾನರ ಮುದ್ರೆ ಒತ್ತಿಸಿಕೊಳ್ಳಲು ಮೇಲೆ ಬಂದ. ಕೋಣೆಯ ಬಾಗಿಲು ಅರ್ಧ ಸರಿದಿತ್ತು. ಯಜಮಾನರು ಫೋನಿನಲ್ಲಿದ್ದರು.

"ಹೌದು, ನಾಲ್ಕನೇದೇ. ಲೇಬಲ್ ಕೆಲಸ ಶುರು ಮಾಡಿ... ಖಂಡಿತ ಅಂದ್ರೆ ಖಂಡಿತ. ನಮ್ಮ ರವಾನೆಯವನು ಅದನ್ನ ಬಾಟಲಿ ತೊಳೆದ ನೀರು ಅಂದ... ಹೂಂ, ಅವನೇ. ಹದಿನೆಂಟು ವರ್ಷ, ಒಂದ್ಸಲಾನೂ ತಪ್ಪಿಲ್ಲ ಅವನ ನಾಲಿಗೆ. ಅವನು ಹೊಗಳಿದ್ದನ್ನ ಊರಲ್ಲಿ ನಾಯಿ ಕೂಡ ಮೂಸಲ್ಲ. ಅವನು ಉಗಿದದ್ದಕ್ಕೆ ಜನ ಸಾಲು ನಿಲ್ತಾರೆ... ಇಲ್ಲ ಇಲ್ಲ, ಪಾಪ, ಅವನಿಗೆ ಗೊತ್ತಿಲ್ಲ."

ಕುರೊಸೆಯ ಕೈಯಿಂದ ಚೀಟಿ ಜಾರಿ ನೆಲಕ್ಕೆ ಬಿತ್ತು. ಯಜಮಾನರು ತಿರುಗಿದರು. ಆಮೇಲೆ ಯಜಮಾನರು ಫೋನಿಟ್ಟು, "ಬನ್ನಿ, ಕೂತ್ಕೊಳ್ಳಿ," ಎಂದರು.

ಕಪ್ಪು ಪುಸ್ತಕವನ್ನು ಅವನ ಮುಂದೆ ತೆರೆದಿಟ್ಟರು. ಒಂದೊಂದು ವರ್ಷಕ್ಕೆ ಒಂದೊಂದು ಪುಟ. 'ಕುರೊಸೆ: ಅಮೃತ. ಆದ್ದರಿಂದ ಬೇಡ.' 'ಕುರೊಸೆ: ಚರಂಡಿ. ಕೂಡಲೇ ಮಾಡಿ.' ಎರಡನೆಯ ವರ್ಷದ ಪುಟದಲ್ಲಿ ಮಾತ್ರ 'ಕುರೊಸೆ: ದಿವ್ಯ. ಮಾಡಿದೆವು' ಎಂದಿತ್ತು. ಅದರ ಕೆಳಗೆ ಬೇರೆ ಶಾಯಿಯಲ್ಲಿ, 'ದೇವರೇ.'

"ನೋಡಿ ಕುರೊಸೆ ಸಾನ್," ಎಂದರು ಯಜಮಾನರು ಮೃದುವಾಗಿ, "ಒಳ್ಳೇ ಬಿಯರು ಯಾವುದು ಅಂತ ಹೇಳೋರು ಪ್ರತಿ ಊರಲ್ಲೂ ಹತ್ತು ಜನ ಸಿಕ್ತಾರೆ. ಅವರೂ ಹತ್ತರಲ್ಲಿ ಮೂರು ಸಲ ತಪ್ತಾರೆ. ಒಂದ್ಸಲಾನೂ ಬಿಡದೆ ತಪ್ಪೋ ಮನುಷ್ಯ ಇಡೀ ಜಪಾನಿನಲ್ಲಿ ನೀವೊಬ್ಬರೇ. ನೀವು ನನ್ನ ಆಸ್ತಿ."

ಹದಿನೆಂಟು ವರ್ಷದ ನೆಂಟರ ಮನೆಯ ಮೊದಲ ಲೋಟಗಳೆಲ್ಲ ಕುರೊಸೆಯ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ತಾನು ಚೆನ್ನಾಗಿದೆ ಎಂದಾಗ ಮಾವ ಸುಮ್ಮನೆ ಲೋಟ ಪಕ್ಕಕ್ಕಿಡುತ್ತಿದ್ದುದು ನೆನಪಾಯಿತು.

ಸುಮ್ಮನೆ ಎದ್ದು ಹೋಗಬಹುದಿತ್ತು. ಆದರೆ ಇಗರಾಶಿಯ ರೆಪ್ಪೆಯ ತುದಿಯ ನೀರು ಕಣ್ಣಿಂದ ಹೋಗಲಿಲ್ಲ. ಆ ಹೆಂಗಸು ಕಣ್ಣೀರು ಹಾಕಿ ಕುಡಿದ ಬಿಯರನ್ನು ತನ್ನ ಹೊಗಳಿಕೆ ಕೊಂದುಹಾಕುತ್ತಿತ್ತು.

"ಯಜಮಾನ್ರೇ, ಒಂದು ತಪ್ಪಾಗಿದೆ. ಇವತ್ತು ನನ್ನ ಮೂಗು ಕಟ್ಟಿತ್ತು. ನನಗೇನೂ ರುಚಿ ಗೊತ್ತಾಗ್ಲಿಲ್ಲ. ನಾನು ಇಗರಾಶಿ ಸಾನ್ ಮುಖ ನೋಡಿ ಹೇಳಿದ್ದು."

ಯಜಮಾನರು ಕುರ್ಚಿಯ ಅಂಚಿಗೆ ಬಂದರು. "ಇಗರಾಶಿ ಮುಖಾನಾ? ಅವಳು ಮಾಡಿದ್ದೆಲ್ಲ ಅವಳಿಗೆ ಚೆನ್ನಾಗೇ ಕಾಣತ್ತೆ! ನಾನು ಅವಳನ್ನ ಇಟ್ಕೊಂಡಿರೋದು ಬಿಯರು ಮಾಡೋಕೆ, ಮೆಚ್ಚೋಕಲ್ಲ! ಹೊನ್ಮಾ! ಹೊನ್ಮಾ ಸಾನ್!"

ಬಾಗಿಲ ಹಿಂದೆಯೇ ಇದ್ದ ಹೊನ್ಮಾ ತಕ್ಷಣ ಒಳಗೆ ಬಂದಳು. ಕೈಯಲ್ಲಿ ಊಟದ ಡಬ್ಬಿಯಿಂದ ತೆಗೆದ, ನೆತ್ತಿಗೇರುವ ಖಾರದ ಹಸಿರು ವಸಾಬಿಯ ಮುದ್ದೆಯಿತ್ತು, ನೆಲ್ಲಿಕಾಯಿ ಗಾತ್ರದ್ದು. "ಬೆಳಗ್ಗೆನೇ ನೆನಪಾಗ್ಬೇಕಿತ್ತು. ಬಾಯಿ ತೆಗೀರಿ."

"ಅಷ್ಟೂನಾ?"

"ಮೂಗು ಸಣ್ಣದಿದ್ರೆ ಅರ್ಧ ಕೊಡ್ತಿದ್ದೆ."

ಮುಂದಿನ ಒಂದು ನಿಮಿಷ ಕುರೊಸೆಗೆ ನೆನಪಿಲ್ಲ. ತಲೆಯೊಳಗೆ ಅಣೆಕಟ್ಟಿನ ಬಾಗಿಲು ಕಿತ್ತುಹೋಯಿತು. ಅವನು ಮೇಜು ಗುದ್ದಿದ, ಕಾಲು ಕುಟ್ಟಿದ, ಕಣ್ಣು ಮೂಗು ಎರಡರಿಂದಲೂ ನೀರು ಹರಿಸಿದ. ಎಲ್ಲ ನಿಂತ ಮೇಲೆ ಜಗತ್ತಿನ ವಾಸನೆಗಳು ಒಂದೊಂದಾಗಿ ಮರಳಿ ಬಂದವು. ಮೊದಲು ಬಂದದ್ದು ಅವನದೇ: ಸುಟ್ಟ ಈರುಳ್ಳಿ. ಬಸ್ಸಿನ ವಿಷಯ ಅವನಿಗೆ ಆಗ ಅರ್ಥವಾಯಿತು.

ನೀರು ಕುಡಿಸಿದರು, ಬ್ರೆಡ್ಡು ತಿನ್ನಿಸಿದರು, ಅರ್ಧ ಗಂಟೆ ಕಿಟಕಿಯ ಹತ್ತಿರ ಕೂರಿಸಿದರು. ಆಮೇಲೆ ಹೊನ್ಮಾ ಮೂರನೆಯ ಬಿಯರು ತಂದು ಮುಂದಿಟ್ಟಳು. ಯಜಮಾನರು ಹೊಸ ಪುಟ ತೆರೆದು ಪೆನ್ಸಿಲ್ ನೆಕ್ಕಿಕೊಂಡರು.

ಕುರೊಸೆ ಕುಡಿದ.

ಮೊದಲು ಹೊಗೆ ಬಂತು, ಒಲೆಯೂದಿದ ಹಾಗೆ. ಅದರ ಹಿಂದೆ ಸುಟ್ಟ ಬೆಲ್ಲ. ಅದರ ಹಿಂದೆ ಹಳೆಯ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆರೆದಂಥ ಒಂದು ಹುಳಿ. ಎಲ್ಲ ಮುಗಿಯಿತು ಅನ್ನುವಾಗ ಗಂಟಲಲ್ಲಿ ಮೆಣಸಿನ ಜುಮ್ಮು. ಕುರೊಸೆಯ ಮೈಮೇಲಿನ ಕೂದಲು ನಿಂತವು. ಇಂಥದ್ದೊಂದು ಲೋಕದಲ್ಲಿದೆ ಎಂದು ಅವನಿಗೆ ತಿಳಿದೇ ಇರಲಿಲ್ಲ. ಅವನಿಗೂ ಕಣ್ಣಲ್ಲಿ ನೀರು ಬರುವುದರಲ್ಲಿತ್ತು. ಇಗರಾಶಿ ಅತ್ತದ್ದು ಸುಮ್ಮನೆ ಅಲ್ಲ.

"ಹೇಗಿದೆ?" ಎಂದರು ಯಜಮಾನರು.

ಸತ್ಯ ಹೇಳಿದರೆ ಈ ಬಿಯರು ಇಲ್ಲಿಗೇ ಸತ್ತುಹೋಗುತ್ತದೆ. ಕುರೊಸೆ ತನ್ನ ಜೀವನದಲ್ಲಿ ಒಂದು ಕ್ರೇಟಿನ ಲೆಕ್ಕವನ್ನೂ ಸುಳ್ಳು ಬರೆದವನಲ್ಲ. ಆದರೆ ಅವನ ನಾಲಿಗೆಗೆ ಮೊದಲ ಸಲ ಒಂದು ಒಳ್ಳೆಯ ಕೆಲಸ ಮಾಡುವ ಅವಕಾಶ ಬಂದಿತ್ತು. ಬಾಯಲ್ಲಿದ್ದದ್ದನ್ನು ಮಹಾ ಸಂಕಟದಿಂದ ಬಕೆಟ್ಟಿಗೆ ಉಗಿದ.

"ಥೂ! ಇದನ್ನ ಮನುಷ್ಯರು ಕುಡೀತಾರಾ? ಹಂದಿಗೆ ಹಾಕಿದ್ರೂ ಮುನಿಸ್ಕೊಳ್ಳತ್ತೆ!"

"ನಿಜವಾಗ್ಲೂ?" ಎಂದರು ಯಜಮಾನರು.

"ಹೊಟ್ಟೆ ತೊಳಸ್ತಿದೆ ಯಜಮಾನ್ರೇ."

"ನಾಲ್ಕನೇದು?"

ನಾಲ್ಕನೆಯದನ್ನು ಕುಡಿದ. ಸಪ್ಪೆ. ಅನ್ನ ಬಸಿದ ಗಂಜಿಗೆ ಹುಲ್ಲು ತಾಗಿಸಿದ ಹಾಗೆ. "ಆಹಾ!" ಎಂದು ಕಣ್ಣು ಮುಚ್ಚಿ ತುಟಿ ಚಪ್ಪರಿಸಿದ. "ಇದು ದೇವರಿಗೆ ಇಡೋ ಅಂಥದ್ದು."

ಯಜಮಾನರು ಪುಸ್ತಕ ಎಸೆದು ಫೋನು ಹಿಡಿದರು. "ನಿಲ್ಸಿ, ನಿಲ್ಸಿ! ನಾಲ್ಕನೇದಲ್ಲ, ಮೂರನೇದು! ಈಗಲೇ ಅಚ್ಚಿಗೆ ಹಾಕಿ. ಐವತ್ತು ಸಾವಿರ!" ಆಮೇಲೆ ಟೋಕಿಯೋದ ದೊಡ್ಡ ಅಂಗಡಿಯವರಿಗೆ ಫೋನು ಮಾಡಿ ಮಾತು ಕೊಟ್ಟರು. ಕುರೊಸೆಯ ಎರಡೂ ಕೈ ಹಿಡಿದು ಕುಲುಕಿದರು. ಮೂರನೆಯ ಬಿಯರಿನ ಎರಡು ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಟೋಕಿಯೋ ರೈಲು ಹಿಡಿಯಲು ಓಡಿದರು.

ಸಂಜೆ ಐದೂವರೆಗೆ ಕುರೊಸೆ ಕಂಪನಿಯ ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ. ಅವಮಾನವಾಗಿತ್ತು, ನಿಜ. ಆದರೂ ಒಳಗೆಲ್ಲೋ ಒಂದು ಸಮಾಧಾನವಿತ್ತು. ಅಷ್ಟರಲ್ಲಿ ಇಗರಾಶಿ ಬಂದಳು. ಅಂಗಿಯ ತೋಳು ಮಡಚಿದ್ದಳು, ಕೂದಲು ಒದ್ದೆಯಾಗಿತ್ತು. ಪರೀಕ್ಷೆ ಮುಗಿದಾಗಿನಿಂದ ದೊಡ್ಡ ತೊಟ್ಟಿಯ ಒಳಗಿಳಿದು ತೊಳೆಯುತ್ತಿದ್ದಳಂತೆ. ಅವನ ಎದುರಿಗೆ ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಮೇಲೇಳಲೇ ಇಲ್ಲ.

"ಕುರೊಸೆ ಸಾನ್, ನಿಮ್ಮ ಉಪಕಾರ ನಾನು ಸಾಯೋತನಕ ಮರೆಯಲ್ಲ."

"ಛೆ, ಅದೇನು ದೊಡ್ಡದು," ಎಂದ ಕುರೊಸೆ. "ನಿಮಗೆ ಗೊತ್ತಾಯ್ತಾ?"

"ಹೊನ್ಮಾ ಸಾನ್ ಸಭೆ ಮುಗಿದ ತಕ್ಷಣ ಹೇಳಿದ್ರು. ನಾಲ್ಕನೇದು ಆಯ್ಕೆ ಆಯ್ತಂತೆ. ಮೂರು ವರ್ಷ ಕುರೊಸೆ ಸಾನ್, ಮೂರು ವರ್ಷ ಆ ಬಿಯರಿಗೆ ಬಿದ್ದಿದ್ದೀನಿ. ಅದಕ್ಕೆ ಘಮ ಕೊಡೋ ಹಾಪ್ ಬಳ್ಳಿ ನಮ್ಮ ಅಪ್ಪ ನೆಟ್ಟಿದ್ದು. ಅದು ಲೋಟಕ್ಕೆ ಬಂದಾಗ ನನಗೆ ಉಸಿರೇ ನಿಂತೋಗಿತ್ತು, ಆ ಕಡೆ ನೋಡೋಕೂ ಆಗ್ಲಿಲ್ಲ. ನೀವು ಬಾಟಲಿ ತೊಳೆದ ನೀರು ಅಂದ್ರಲ್ಲ, ಆಗ ತಲೆ ತಗ್ಗಿಸಿ ಅತ್ತುಬಿಟ್ಟೆ. ಸಂತೋಷಕ್ಕೆ." ಅವಳು ಸ್ವಲ್ಪ ತಡವರಿಸಿದಳು. "ಕ್ಷಮಿಸಿ. ನಿಮ್ಮ ನಾಲಿಗೆ ವಿಷಯ ನನಗೆ ಮೊದಲಿಂದಲೂ ಗೊತ್ತು."

ಕುರೊಸೆ ಬೆಂಚಿನ ಅಂಚನ್ನು ಹಿಡಿದುಕೊಂಡ. "ಮತ್ತೆ... ಮೂರನೇದು?"

"ಅಯ್ಯೋ, ಆ ದರಿದ್ರದ ವಿಷಯ ಎತ್ಬೇಡಿ. ಯಜಮಾನ್ರು ಐದು ಥರ ಬೇಕೇ ಬೇಕು ಅಂದ್ರು. ನನ್ನ ಹತ್ರ ಇದ್ದದ್ದು ನಾಲ್ಕು. ಮೂಲೇಲಿ ಉಳಿದಿದ್ದ ಬಾರ್ಲಿ ಮಾಲ್ಟು, ಹೊಗೆ ಹಿಡಿದಿದ್ದು, ಸೀದಿದ್ದು, ಎಲ್ಲ ಸುರಿದು ಮೆಣಸು ಹಾಕಿ ಕುದಿಸಿದೆ. ಇವತ್ತು ಬಾಯಿಗಿಟ್ಟಾಗ ಕಣ್ಣಲ್ಲಿ ನೀರು ಬಂತು. ಉಗಿದ್ರೆ ನಾನು ಮಾಡಿದ್ದಕ್ಕೆ ನಾನೇ ಉಗಿದ ಹಾಗೆ ಆಗತ್ತಲ್ಲ ಅಂತ ಕಣ್ಣು ಮುಚ್ಚಿ ನುಂಗಿದೆ. ಮೇಜಿನ ಮೇಲೆ ಅದು ಕಾಣಿಸ್ಲೇ ಬಾರ್ದು ಅಂತ ಪೂರ್ತಿ ಕುಡಿದುಬಿಟ್ಟೆ."

ಬಸ್ಸು ಬಂತು. ಬಾಗಿಲು ತೆರೆಯಿತು. ಇಬ್ಬರೂ ಹತ್ತಲಿಲ್ಲ. ಬಸ್ಸು ಹೋಯಿತು.

ಕುರೊಸೆ ಮೂರು ಗಂಟೆಯ ಮೇಲೆ ನಡೆದದ್ದನ್ನೆಲ್ಲ ಹೇಳಿದ. ಇಗರಾಶಿ ಅವನ ಪಕ್ಕದಲ್ಲಿ ಕೂತಳು. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವನು ಯಜಮಾನರಿಗೆ ಫೋನು ಮಾಡಿದ.

ಯಜಮಾನರು ರೈಲಿನ ಬಾಗಿಲ ಹತ್ತಿರ ನಿಂತು ಪಿಸುದನಿಯಲ್ಲಿ ಮಾತಾಡಿದರು. "ಏನು? ಸುಳ್ಳು ಹೇಳಿದ್ರಾ? ನಿಜವಾಗ್ಲೂ ಮೂರನೇದು ಚೆನ್ನಾಗಿತ್ತಾ?"

"ಬಹಳ ಚೆನ್ನಾಗಿತ್ತು ಯಜಮಾನ್ರೇ. ದಯವಿಟ್ಟು ಅದನ್ನ ಮಾಡ್ಬೇಡಿ."

"ಒಂದು ಗಂಟೆಗೆ ಚೆನ್ನಾಗಿದೆ, ನಾಲ್ಕು ಗಂಟೆಗೆ ಥೂ, ಐದೂವರೆಗೆ ಮತ್ತೆ ಚೆನ್ನಾಗಿದೆ." ಯಜಮಾನರು ಉಸಿರು ಬಿಟ್ಟರು. "ಪಕ್ಕದಲ್ಲಿ ಇಗರಾಶಿ ಇದ್ದಾಳಾ?"

"ಇದ್ದಾರೆ."

"ಅದೇ ಅಂದ್ಕೊಂಡೆ. ಅವಳಪ್ಪನ ಬಳ್ಳಿ ಅಲ್ವಾ ನಾಲ್ಕನೇದ್ರಲ್ಲಿ ಇರೋದು? ಪಾಪ, ನಿಮ್ಮನ್ನ ಅಳಿಸಿ ಒಪ್ಪಿಸಿದ್ದಾಳೆ. ಕುರೊಸೆ ಸಾನ್, ದಿಕ್ಸೂಚಿ ಯಾವಾಗ್ಲೂ ದಕ್ಷಿಣಾನೇ ತೋರಿಸಿದ್ರೂ ನಾನು ಹಡಗು ನಡೆಸ್ತೀನಿ. ದಿನಕ್ಕೆ ಮೂರು ಸಲ ತಿರುಗೋ ದಿಕ್ಸೂಚಿ ಇಟ್ಕೊಂಡು ಏನು ಮಾಡ್ಲಿ? ಮುಂದಿನ ವರ್ಷದಿಂದ ನೀವು ಪರೀಕ್ಷೆಗೆ ಬರೋದು ಬೇಡ. ಮಾತು ಕೊಟ್ಟಾಯ್ತು, ಲೇಬಲ್ ಅಚ್ಚಾಗ್ತಿದೆ. ನಾಳೆ ಬೆಳಗ್ಗೆನೇ ಗೋದಾಮಲ್ಲಿ ಜಾಗ ಮಾಡಿ."

ಫೋನು ಸತ್ತಿತು. ರಸ್ತೆಯಂಚಿನ ಹಳೆಯ ಹಿಮದ ಗುಡ್ಡೆ ಹನಿಹನಿಯಾಗಿ ಕರಗುತ್ತಿತ್ತು. ಇಗರಾಶಿ ಕೇಳಿದಳು.

"ಕುರೊಸೆ ಸಾನ್, ಒಂದು ಮಾತು. ಅದು ನಿಮಗೆ ನಿಜವಾಗ್ಲೂ ಹಿಡಿಸ್ತಾ?"

"ನಿಜವಾಗ್ಲೂ," ಎಂದ ಕುರೊಸೆ. ಅವನಿಗೆ ಸುಳ್ಳು ಹೇಳುವ ಶಕ್ತಿಯೇ ಉಳಿದಿರಲಿಲ್ಲ. "ಕೇಳೋಕೆ ಮುಖ ಇಲ್ಲ. ಆದ್ರೂ... ತೊಟ್ಟೀಲಿ ಸ್ವಲ್ಪ ಏನಾದ್ರೂ ಉಳಿದಿದೆಯಾ?"

ಇಗರಾಶಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಚಿಂತೆ ಮಾಡ್ಬೇಡಿ," ಎಂದಳು. "ಐವತ್ತು ಸಾವಿರ ಬಾಟಲಿ ಉಳಿಯತ್ತೆ."